ಮನುಷ್ಯರಿದ್ದಾರೆ, ಎಚ್ಚರಿಕೆ!

ನಮ್ಮ ಊರಿನ ಹೊಸ ಬಡಾವಣೆಯಲ್ಲಿ ಸಂಜೆಯ ಹೊತ್ತು ತಿರುಗಾಡಲು ಹೋದವರಿಗೆ ಹೆಚ್ಚು ಕಡಿಮೆ ಪ್ರತಿಯೊಂದು ಗೇಟಿನ ಮೇಲೂ ಒಂದು ಫಲಕ ಕಾಣುತ್ತದೆ: "ನಾಯಿ ಇದೆ, ಎಚ್ಚರಿಕೆ!" ಕೆಲವು ಮನೆಗಳಲ್ಲಿ ನಾಯಿ ಸತ್ತು ವರ್ಷಗಳೇ ಕಳೆದಿದ್ದರೂ ಫಲಕ ಮಾತ್ರ ಚಿರಂಜೀವಿಯಾಗಿ ಉಳಿದಿದೆ. ಈ ಎಚ್ಚರಿಕೆ ಇಂದು ನಿನ್ನೆಯದಲ್ಲ. ಇಟಲಿ ದೇಶದ ಪಾಂಪೆ ನಗರವು ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತಷ್ಟೆ. ಆ ಬೂದಿಯನ್ನು ಅಗೆದು ತೆಗೆದಾಗ ಒಂದು ಮನೆಯ ಬಾಗಿಲಲ್ಲಿ, ಸರಪಳಿ ಬಿಗಿದ ಕರಿಯ ನಾಯಿಯ ಚಿತ್ರವೂ ಅದರ ಕೆಳಗೆ ಇದೇ ಅರ್ಥದ ಲ್ಯಾಟಿನ್ ಮಾತೂ ಸಣ್ಣ ಸಣ್ಣ ಕಲ್ಲಿನ ಚೂರುಗಳಲ್ಲಿ ಜೋಡಿಸಿದ್ದು ಕಂಡುಬಂದಿತು. ಎಂದರೆ, ಎರಡು ಸಾವಿರ ವರ್ಷಗಳಿಂದಲೂ ಮನುಷ್ಯನು ನಾಯಿಯ ವಿಷಯದಲ್ಲಿ ಇತರ ಮನುಷ್ಯರಿಗೆ ಎಚ್ಚರಿಕೆ ಹೇಳುತ್ತಲೇ ಬಂದಿದ್ದಾನೆ. ಆದರೆ ಮನುಷ್ಯನ ವಿಷಯದಲ್ಲಿ ನಾಯಿಗೆ ಎಚ್ಚರಿಕೆ ಹೇಳುವ ಫಲಕವನ್ನು ಗೇಟಿನ ಒಳಮೈಗೆ ತೂಗುಹಾಕಿದವರನ್ನು ನಾನು ಇದುವರೆಗೆ ಕಂಡಿಲ್ಲ. ಅಂಥದೊಂದು ಫಲಕ ಅಗತ್ಯವಾಗಿ ಬೇಕು ಎಂದು ವಾದಿಸುವುದೇ ಈ ಲೇಖನದ ಉದ್ದೇಶ.

ಮಿತ್ರರು ನಗಬಹುದು. ನಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ಹೇಳಹೊರಟಿರುವುದು ನಾಯಿಗೆ ಕಲ್ಲು ಹೊಡೆಯುವವರ, ಬಾಲಕ್ಕೆ ಪಟಾಕಿ ಕಟ್ಟುವವರ ವಿಷಯವನ್ನಲ್ಲ. ಅಂಥವರನ್ನು ಕಂಡರೆ ನಾಯಿಯೇ ದೂರ ಓಡುತ್ತದೆ. ಅದಕ್ಕೆ ನಮ್ಮ ಉಪದೇಶ ಬೇಕಿಲ್ಲ. ನಾನು ಹೇಳುವುದು ನಾಯಿಯನ್ನು ಮನೆಯ ಮಗುವಿನಂತೆ ಸಾಕುವವರ ವಿಷಯ; ತಮ್ಮ ತಟ್ಟೆಯಿಂದ ಒಂದು ತುತ್ತು ತೆಗೆದು ಅದಕ್ಕೆ ಹಾಕದೆ ಉಣ್ಣಲಾರದವರ ವಿಷಯ. ಸಾಕುನಾಯಿಗೆ ದೊಡ್ಡ ಅಪಾಯ ಬೀದಿಯಲ್ಲಿಲ್ಲ, ಮನೆಯೊಳಗೆ ಇದೆ. ಅದು ದ್ವೇಷದ ಕೈಯಿಂದ ಬರುವುದಲ್ಲ, ಪ್ರೀತಿಯ ಕೈಯಿಂದ ಬರುತ್ತದೆ. ಪ್ರೀತಿಯ ಜೊತೆಗೆ ತಿಳಿವಳಿಕೆ ಇಲ್ಲದಿರುವುದೇ ಅದಕ್ಕೆ ಕಾರಣ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ನಾಯಿಯನ್ನು ಪ್ರೀತಿಸುವುದರಲ್ಲಿ ನಮ್ಮ ಕನ್ನಡ ನಾಡು ಯಾರಿಗೂ ಹಿಂದೆ ಬಿದ್ದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕ್ರಿ. ಶ. ೯೪೯-೫೦ರ ಆ ಶಿಲೆಯಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಪ್ರಸ್ತಾಪವಿದೆ. ಆದರೆ ಕಲ್ಲು ನಿಂತದ್ದು ಒಂದು ನಾಯಿಗಾಗಿ. ಗಂಗರ ಬೂತುಗನ ವೀರನಾದ ಮಣಲರನು ತನ್ನ ಒಡೆಯನಿಂದ ಮೆಚ್ಚಿನ ಕಾಣಿಕೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಅರ್ಚಕನು ಉಣ್ಣಬಾರದೆಂದು ಕಟ್ಟಳೆ ಮಾಡಿದನು. ಹಂದಿಯ ಕೋರೆಯಿಂದ ಸತ್ತ ನಾಯಿಗೆ ಹೀಗೆ ವೀರಮರಣದ ಗೌರವ ಸಿಕ್ಕಿತು. ನಮ್ಮ ಕಾಲದ ನಾಯಿ ಪಾಯಸದ ದ್ರಾಕ್ಷಿಯಿಂದ, ಅಟ್ಟದ ಇಲಿಪಾಷಾಣದಿಂದ, ಅಜ್ಜನ ಮಾತ್ರೆಯಿಂದ ಸಾಯುತ್ತದೆ. ಅದಕ್ಕೆ ಯಾರು ಕಲ್ಲು ನಿಲ್ಲಿಸುತ್ತಾರೆ?

ಅಜ್ಜನ ಮಾತ್ರೆ ಎಂದೆನಲ್ಲ. ಅದೇ ನನ್ನ ಕಥೆ.

ನಮ್ಮ ಮನೆಯಲ್ಲಿ ಕೆಂಚ ಎಂಬ ನಾಯಿ ಇತ್ತು. ಹೆಸರಾಂತ ಜಾತಿಯ ನಾಯಿಯಲ್ಲ. ಮಳೆಗಾಲದ ಒಂದು ದಿನ ನಮ್ಮ ತಂಗಿ ಶಾಲೆಯಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ತಂದ ಕೆಂಪು ಬಣ್ಣದ ನಾಡುಮರಿ. ಬೆಳೆದು ಸುಮಾರು ೧೫ ಕಿಲೋ ತೂಗುತ್ತಿತ್ತು. ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ಒಂದು ದಿನ ಅದು ಹಿಂಗಾಲನ್ನು ಎತ್ತಿಕೊಂಡು ಕುಂಟುತ್ತ ಬಂದಿತು. ಮನೆಯವರೆಲ್ಲ ಮದುವೆಯ ಗಡಿಬಿಡಿಯಲ್ಲಿದ್ದರು. ನಮ್ಮ ಅಜ್ಜನಿಗೆ ಮಂಡಿನೋವು. ಅವರ ಡಬ್ಬಿಯಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಗಳು ಇರುತ್ತಿದ್ದವು. ಅವನ್ನು ನುಂಗಿದ ಅರ್ಧ ಗಂಟೆಯಲ್ಲಿ ಅಜ್ಜ ಎದ್ದು ಓಡಾಡುವುದನ್ನು ನಾನು ದಿನವೂ ಕಾಣುತ್ತಿದ್ದೆ. ಅಜ್ಜನ ಕಾಲಿಗೆ ಆದದ್ದು ಕೆಂಚನ ಕಾಲಿಗೆ ಏಕೆ ಆಗಬಾರದು? ಯಾರನ್ನೂ ಕೇಳದೆ ಒಂದು ಮಾತ್ರೆಯನ್ನು ಬೆಲ್ಲದ ಉಂಡೆಯೊಳಗೆ ಹುದುಗಿಸಿ ಕೊಟ್ಟೆ. ಕೆಂಚ ನನ್ನ ಕೈಯನ್ನು ನೆಕ್ಕಿ ನುಂಗಿತು. ಬೆಳಿಗ್ಗೆ ಒಂದು, ಸಂಜೆ ಒಂದು; ಹೀಗೆ ನಾಲ್ಕು ದಿನ. ಕುಂಟುವುದು ಕಡಿಮೆಯಾಯಿತು. ನಾನೇ ಒಬ್ಬ ವೈದ್ಯನಾದೆನೆಂದು ಒಳಗೊಳಗೇ ಹಿಗ್ಗಿದೆ.

ಐದನೆಯ ದಿನ ಅದು ಅನ್ನ ಮುಟ್ಟಲಿಲ್ಲ. ಆ ರಾತ್ರಿ ವಾಂತಿ ಮಾಡಿತು. ಮಾರನೆಯ ಬೆಳಿಗ್ಗೆ ಅದರ ಮಲ ಟಾರಿನಂತೆ ಕಪ್ಪಾಗಿತ್ತು. ತಂದೆಯವರೂ ನಾನೂ ಅದನ್ನು ಆಟೋದಲ್ಲಿ ಮಲಗಿಸಿಕೊಂಡು ಪಶುವೈದ್ಯರ ಬಳಿಗೆ ಹೋದೆವು. ವೈದ್ಯರು ಅದರ ವಸಡನ್ನು ಎತ್ತಿ ನೋಡಿ, "ಏನಾದರೂ ಮಾತ್ರೆ ಕೊಟ್ಟಿರಾ?" ಎಂದು ಕೇಳಿದರು. ತಂದೆಯವರು "ಇಲ್ಲ" ಎಂದರು; ಅವರಿಗೆ ತಿಳಿದಿರಲಿಲ್ಲ. ವೈದ್ಯರು ನನ್ನ ಮುಖ ನೋಡಿದರು. ನಾನೂ "ಇಲ್ಲ" ಎಂದೆ. ಕೇಳದೆ ಅಜ್ಜನ ಡಬ್ಬಿಗೆ ಕೈ ಹಾಕಿದ್ದು ಗೊತ್ತಾದರೆ ಬೈಯುತ್ತಾರೆಂಬ ಭಯ ಒಂದು. ನಾನು ಮಾಡಿದ್ದೇ ಇದಕ್ಕೆ ಕಾರಣವಾಗಿದ್ದರೆ ಎಂಬ ಭಯ ಇನ್ನೊಂದು. ವೈದ್ಯರು ಸಾಮಾನ್ಯವಾದ ಚಿಕಿತ್ಸೆ ಕೊಟ್ಟು ಕಳುಹಿಸಿದರು. ಮರುದಿನ ಕೆಂಚನಿಗೆ ತಲೆಯೆತ್ತಲೂ ಶಕ್ತಿಯಿರಲಿಲ್ಲ. ಆಗ ನಾನು ಒಬ್ಬನೇ ಸೈಕಲ್ಲಿನಲ್ಲಿ ಹೋಗಿ ವೈದ್ಯರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. "ನಿನ್ನೆ ಹೇಳಬೇಕಾಗಿತ್ತು" ಎಂದಷ್ಟೆ ಹೇಳಿ, ಚೀಲ ಎತ್ತಿಕೊಂಡು ನಮ್ಮ ಮನೆಗೆ ಬಂದರು. ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರಿಹೋಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಂಚ ಸತ್ತಿತು. ಹಿಂದಿನ ದಿನವೇ ಹೇಳಿದ್ದರೆ ಉಳಿಯುತ್ತಿತ್ತೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ರಸಾಯನಶಾಸ್ತ್ರವು ದೂರದ ನೆಂಟ. ಆದರೂ ಓದಿದಷ್ಟರಿಂದ, ವೈದ್ಯರನ್ನು ಕೇಳಿದಷ್ಟರಿಂದ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದೆ ಇಡುತ್ತೇನೆ.

ನಮ್ಮ ತಪ್ಪಿಗೆಲ್ಲ ಎರಡು ನಂಬಿಕೆಗಳು ಮೂಲ. ಒಂದು: ನಮಗೆ ಒಳ್ಳೆಯದಾದದ್ದು ನಾಯಿಗೂ ಒಳ್ಳೆಯದು. ಇನ್ನೊಂದು: ತನಗೆ ಆಗದ್ದನ್ನು ನಾಯಿ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಎರಡೂ ಸುಳ್ಳು. ನಾಯಿಯ ಯಕೃತ್ತೂ ಮೂತ್ರಪಿಂಡಗಳೂ ನಮ್ಮವುಗಳಂತೆಯೇ ಕಂಡರೂ ಅವು ಕೆಲಸ ಮಾಡುವ ರೀತಿ ಬೇರೆ. ನಮ್ಮ ದೇಹ ಕೆಲವು ಗಂಟೆಗಳಲ್ಲಿ ಹೊರಹಾಕುವ ಪದಾರ್ಥವನ್ನು ಅದರ ದೇಹ ದಿನಗಟ್ಟಲೆ ಹೊತ್ತು ತಿರುಗುವುದುಂಟು. ಇನ್ನು ಅದರ ಮೂಗು ಆಹಾರವನ್ನು ಹುಡುಕುವುದಕ್ಕೆ ಇರುವ ಮೂಗೇ ಹೊರತು ಪರೀಕ್ಷಿಸುವುದಕ್ಕೆ ಇರುವುದಲ್ಲ. ನಾಯಿ ಅಗಿದು ರುಚಿ ನೋಡಿ ತಿನ್ನುವ ಪ್ರಾಣಿಯೂ ಅಲ್ಲ. ಮೊದಲು ನುಂಗುತ್ತದೆ, ಆಮೇಲೆ ಯೋಚಿಸುತ್ತದೆ. ಅದರಲ್ಲೂ ಒಡೆಯನ ಕೈಯಿಂದ ಬಂದದ್ದಾದರೆ ಯೋಚನೆಯೇ ಇಲ್ಲ. ಅದರ ನಂಬಿಕೆಯೇ ಅದಕ್ಕೆ ಶತ್ರು.

ಮೊದಲು ಅಡಿಗೆಯ ಮನೆಗೆ ಹೋಗೋಣ. ಚಾಕೊಲೇಟು ನಾಯಿಗೆ ಆಗದೆಂಬುದು ಈಗ ಹಲವರಿಗೆ ತಿಳಿದಿದೆ. ಕಾರಣ ಎಷ್ಟು ಜನರಿಗೆ ತಿಳಿದಿದೆಯೋ ಕಾಣೆ. ಕೋಕೋ ಬೀಜದಲ್ಲಿ ಥಿಯೋಬ್ರೋಮಿನ್ ಎಂಬ ಪದಾರ್ಥವಿದೆ. ಕಾಫಿಯ ಕೆಫೀನಿಗೆ ಅದು ಹತ್ತಿರದ ಸಂಬಂಧಿ. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ೧೭ ಗಂಟೆಗಳಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಎದೆ ಹೊಡೆದುಕೊಳ್ಳುತ್ತದೆ, ಮೈ ನಡುಗುತ್ತದೆ, ಪ್ರಮಾಣ ಹೆಚ್ಚಿದ್ದರೆ ಸೆಳವು ಬರುತ್ತದೆ. ಎಲ್ಲ ಚಾಕೊಲೇಟೂ ಒಂದೇ ಅಲ್ಲ. ೧೦ ಕಿಲೋ ತೂಕದ ನಾಯಿಗೆ ಹಾಲು ಬೆರೆತ ಚಾಕೊಲೇಟು ಸುಮಾರು ೧೦೦ ಗ್ರಾಂ ಹೋದರೆ ತೊಂದರೆ ತೋರತೊಡಗುತ್ತದೆ. ಕೇಕಿಗೆ ಹಾಕುವ, ಸಕ್ಕರೆಯಿಲ್ಲದ ಕಹಿ ಚಾಕೊಲೇಟಾದರೆ ಸುಮಾರು ೧೫ ಗ್ರಾಮೇ ಸಾಕು. ಚಾಕೊಲೇಟು ಕಹಿಯಾದಷ್ಟೂ ನಾಯಿಗೆ ಕೆಟ್ಟದ್ದು ಎಂದು ನೆನಪಿಡಬಹುದು.

ಚಾಕೊಲೇಟಿಗಿಂತ ನಮ್ಮ ಮನೆಗಳಿಗೆ ಹತ್ತಿರವಾದದ್ದು ದ್ರಾಕ್ಷಿ. ಹಸಿಯ ದ್ರಾಕ್ಷಿಯಿರಲಿ, ಪಾಯಸದಲ್ಲೂ ಸಜ್ಜಿಗೆಯಲ್ಲೂ ತೇಲುವ ಒಣದ್ರಾಕ್ಷಿಯಿರಲಿ, ಕೆಲವು ನಾಯಿಗಳಲ್ಲಿ ಅದು ಒಂದೆರಡು ದಿನಗಳೊಳಗೆ ಮೂತ್ರಪಿಂಡಗಳನ್ನು ನಿಲ್ಲಿಸಿಬಿಡುತ್ತದೆ. ಒಂದು ನಾಯಿ ಹಿಡಿಯಷ್ಟು ತಿಂದೂ ಸುಮ್ಮನಿರಬಹುದು, ಇನ್ನೊಂದು ಕೆಲವೇ ಹಣ್ಣುಗಳಿಗೆ ಬೀಳಬಹುದು. ಅಮೆರಿಕದ ಪಶುವೈದ್ಯರು ಈ ಸಂಗತಿಯನ್ನು ಗುರುತಿಸಿ ಪ್ರಕಟಿಸಿದ್ದು ೨೦೦೧ರಲ್ಲಿ. ಕಾರಣ ಬಹುಕಾಲ ತಿಳಿಯಲಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಮೂಲವಿರಬೇಕೆಂದು ಕೆಲವು ವೈದ್ಯರು ೨೦೨೨ರಲ್ಲಿ ಬರೆದರು. ಅವರಿಗೆ ಆ ದಾರಿ ತೋರಿಸಿದ ಪದಾರ್ಥಗಳಲ್ಲಿ ಒಂದು ನಮ್ಮ ಹುಣಸೆಹಣ್ಣು! ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಮೂತ್ರಪಿಂಡಗಳು ಅದೇ ರೀತಿ ಕೆಟ್ಟದ್ದನ್ನು ಅವರು ಕಂಡಿದ್ದರು. ಆ ಹುಳಿಯೂ ಇದೇ ಆಮ್ಲದ್ದು. ಸಾರಿನ ಅನ್ನವನ್ನು ಕಲಸಿ ನಾಯಿಗೆ ಹಾಕುವ ನಮ್ಮ ಪದ್ಧತಿಯನ್ನು ಕುರಿತು ಯೋಚಿಸುವುದಕ್ಕೆ ಇಷ್ಟು ಸಾಲದೆ? ಅನ್ನಕ್ಕೆ ಹುಳಿ ಹಾಕುವ ಮೊದಲೇ ಅದರ ಪಾಲನ್ನು ತೆಗೆದಿಟ್ಟರೆ ನಮಗೆ ನಷ್ಟವೇನೂ ಇಲ್ಲ.

ಆ ಹುಳಿಯಲ್ಲಿ ಈರುಳ್ಳಿಯೂ ಇರುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಈ ಗುಣ ಹೋಗುವುದಿಲ್ಲ. ೧೦ ಕಿಲೋ ನಾಯಿಗೆ ೧೫೦ ಗ್ರಾಂ ಈರುಳ್ಳಿ, ಎಂದರೆ ಒಂದೆರಡು ಗೆಡ್ಡೆ, ಅಪಾಯದ ಗಡಿ ಎನ್ನುತ್ತಾರೆ. ದಿನವೂ ಸ್ವಲ್ಪ ಸ್ವಲ್ಪ ಹೋದರೂ ಕೇಡು ಕೂಡುತ್ತ ಬರುತ್ತದೆ. ಇದರ ಮೋಸವೆಂದರೆ ರೋಗ ತೋರುವುದು ಕೆಲವು ದಿನಗಳ ನಂತರ. ವಸಡು ಬಿಳಿಚುತ್ತದೆ, ಮೂತ್ರ ಕೆಂಪಾಗುತ್ತದೆ. ಆ ಹೊತ್ತಿಗೆ ಭಾನುವಾರದ ಈರುಳ್ಳಿ ಬಜ್ಜಿಯನ್ನು ಯಾರು ನೆನೆಯುತ್ತಾರೆ?

ಮಾಂಸಾಹಾರಿಗಳ ಮನೆಯಲ್ಲಿ ನಾಯಿಗೆ ಮೂಳೆ ಹಾಕುವುದು ವಾಡಿಕೆ. ಬೆಂದ ಕೋಳಿಯ ಮೂಳೆ ಸೂಜಿಯಂತೆ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚುವುದುಂಟು. ಇನ್ನು ಸಕ್ಕರೆ ಕಾಯಿಲೆಯವರ ಮನೆಗೆ ಇತ್ತೀಚೆಗೆ ಬಂದ ಅತಿಥಿಯೊಂದಿದೆ: ಸಕ್ಕರೆಯಿಲ್ಲದ ಮಿಠಾಯಿಗಳಲ್ಲೂ ಅಗಿಯುವ ಗಮ್ಮುಗಳಲ್ಲೂ ಸಿಹಿಗಾಗಿ ಹಾಕುವ ಕ್ಸೈಲಿಟಾಲ್. ಮನುಷ್ಯನ ರಕ್ತದ ಸಕ್ಕರೆಯನ್ನು ಏರಿಸದಿರುವುದೇ ಅದರ ಹೆಚ್ಚುಗಾರಿಕೆ. ನಾಯಿಯ ದೇಹವಾದರೋ ಅದನ್ನು ನಿಜವಾದ ಸಕ್ಕರೆಯೆಂದೇ ಭ್ರಮಿಸಿ ಇನ್ಸುಲಿನ್ನನ್ನು ಸುರಿಸುತ್ತದೆ. ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳಬಹುದು; ಪ್ರಮಾಣ ಹೆಚ್ಚಿದರೆ ಯಕೃತ್ತೂ ಕೆಡುತ್ತದೆ. ೧೦ ಕಿಲೋ ನಾಯಿಗೆ ಒಂದು ಗ್ರಾಂ ಸಾಕು. ಮುದ್ದಿನಿಂದ ನಾಯಿಯ ಬಾಯಿಗೆ ಮಿಠಾಯಿ ಹಾಕುವ ಅಭ್ಯಾಸವನ್ನು ಇದಕ್ಕಾಗಿಯಾದರೂ ಬಿಡಬೇಕು.

ಮಾತ್ರೆಗಳ ವಿಷಯವನ್ನು ನಾನು ಬೇರೆ ಹೇಳಬೇಕಾಗಿಲ್ಲ. ಕೆಂಚನನ್ನು ಕೊಂದ ಮಾತ್ರೆ ಮನುಷ್ಯರಿಗೆ ವೈದ್ಯರು ದಿನವೂ ಬರೆದುಕೊಡುವಂಥದು. ಹೊಟ್ಟೆಯ ಒಳಪದರವನ್ನು ಕಾಪಾಡುವ ಏರ್ಪಾಡನ್ನು ಅದು ಸ್ವಲ್ಪ ಮಟ್ಟಿಗೆ ನಮ್ಮಲ್ಲೂ ಕೆಡಿಸುತ್ತದೆ. ನಾಯಿಯಲ್ಲಿ ಅದು ಬೇಗ ಹೊರಬೀಳದೆ ಹುಣ್ಣನ್ನೇ ಮಾಡುತ್ತದೆ, ಮೂತ್ರಪಿಂಡಗಳನ್ನೂ ಕೆಡಿಸಬಲ್ಲದು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲೂ ನಿರಪಾಯವಲ್ಲ. ಬೆಕ್ಕಿಗಂತೂ ಒಂದೇ ಮಾತ್ರೆ ಪ್ರಾಣಾಂತಕವಾಗಬಹುದು. ನಾಯಿಯ ನೋವಿಗೆ ನಾಯಿಗೆಂದೇ ಇರುವ ಔಷಧಿಗಳಿವೆ, ಅವನ್ನು ತೂಗಿ ಕೊಡುವ ವೈದ್ಯರಿದ್ದಾರೆ. ಅಲ್ಲಿಯವರೆಗೆ ಕುಂಟುವ ನಾಯಿ ಕುಂಟಲಿ. ಕುಂಟುವುದರಿಂದ ಅದು ಸಾಯುವುದಿಲ್ಲ.

ಅಡಿಗೆಮನೆಯಿಂದ ಅಟ್ಟಕ್ಕೆ ಏರಿದರೆ ಅಲ್ಲಿ ಇಲಿಯ ಪಾಷಾಣ. ಇದಕ್ಕೊಂದು ಚರಿತ್ರೆಯಿದೆ. ೧೯೨೦ರ ದಶಕದಲ್ಲಿ ಅಮೆರಿಕ, ಕೆನಡಾ ದೇಶಗಳಲ್ಲಿ ಕೆಟ್ಟ ಹುಲ್ಲನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಶಿಷ್ಯರೂ ಆ ಹುಲ್ಲಿನಲ್ಲಿದ್ದ, ರಕ್ತವನ್ನು ಹೆಪ್ಪುಗಟ್ಟಗೊಡದ ಪದಾರ್ಥವನ್ನು ಬೇರ್ಪಡಿಸಿದರು. ಅದೇ ಕುಲದ ವಾರ್ಫರಿನ್ ೧೯೪೮ರಲ್ಲಿ ಇಲಿಯ ವಿಷವಾಗಿ ಮಾರುಕಟ್ಟೆಗೆ ಬಂದಿತು. ಇಲಿಗಳು ಅದಕ್ಕೂ ಒಗ್ಗಿಕೊಂಡಾಗ ಬ್ರೋಮಡಿಯೋಲೋನಿನಂಥ ಇನ್ನೂ ತೀಕ್ಷ್ಣವಾದ ವಿಷಗಳು ಬಂದವು. ಬಿಸ್ಕತ್ತಿನಂತೆ ಕಾಣುವ ಈ ಬಿಲ್ಲೆಗಳನ್ನು ಇಲಿಯ ನಾಲಗೆಗೆ ಹಿಡಿಸುವಂತೆ ಮಾಡಿರುತ್ತಾರೆ. ನಾಯಿಯ ನಾಲಗೆಗೂ ಅವು ಹಿಡಿಸುತ್ತವೆ. ತಿಂದ ದಿನ ಏನೂ ಆಗುವುದಿಲ್ಲ, ಮಾರನೆಯ ದಿನವೂ ಇಲ್ಲ. ಮೂರು ನಾಲ್ಕು ದಿನಗಳಾದ ಮೇಲೆ ದೇಹದೊಳಗೆ ಎಲ್ಲೆಂದರಲ್ಲಿ ರಕ್ತ ಸೋರತೊಡಗುತ್ತದೆ. ಸಮಾಧಾನದ ಸಂಗತಿಯೆಂದರೆ ಇದಕ್ಕೆ ಮದ್ದುಂಟು: ಕೆ ಒಂದು ಎಂಬ ಜೀವಸತ್ತ್ವ. ಅದನ್ನು ಬೇಗ ಆರಂಭಿಸಿ, ವಾರಗಟ್ಟಲೆ ಕೊಟ್ಟರೆ ನಾಯಿ ಉಳಿಯುತ್ತದೆ. ಆದರೆ ಕಪ್ಪು ಪುಡಿಯಾಗಿ ಸಿಗುವ ಸತುವಿನ ಫಾಸ್ಫೈಡಿಗೆ ಅಂಥ ಮದ್ದಿಲ್ಲ. ಹೊಟ್ಟೆಯ ಆಮ್ಲ ಸೋಕಿದೊಡನೆ ಅದರಿಂದ ವಿಷಗಾಳಿ ಹುಟ್ಟುತ್ತದೆ. ಅಂಥ ನಾಯಿ ವಾಂತಿ ಮಾಡಿದರೆ ಆ ಗಾಳಿ ಹತ್ತಿರವಿದ್ದ ಮನುಷ್ಯರಿಗೂ ಕೇಡು. ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯನ್ನೂ ಮರಿನಾಯಿಗಳು ಉರುಳಿಸಿ ಆಡುತ್ತ ನುಂಗುವುದುಂಟು. ಅದೂ ರಕ್ತವನ್ನು ಕೆಡಿಸುವ ವಿಷವೇ.

ಹಿತ್ತಲಿಗೆ ಬಂದರೆ ಅಲ್ಲಿ ಅಪಾಯವೇನು ಎನ್ನಬಹುದು. ಗುಲಾಬಿಯ ಗಿಡಕ್ಕೆ ಹಾಕುವ ಹರಳುಹಿಂಡಿಯೇ ಅಲ್ಲಿನ ಅಪಾಯ. ಹರಳುಬೀಜದ ರೈಸಿನ್ ಎಂಬ ವಿಷ ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲಿ ಉಳಿಯುತ್ತದೆ; ಸರಿಯಾಗಿ ಕಾಯಿಸದ ಹಿಂಡಿಯನ್ನು ನಾಯಿ ಅಗೆದು ತಿಂದರೆ ರಕ್ತಭೇದಿಯಾಗಿ ಸಾಯಬಹುದು. ಬೇಲಿಯಲ್ಲಿ ಅರಳಿದ ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ಹೃದಯಕ್ಕೆ ವಿಷ. ಮಲೆನಾಡಿನ ಮಿತ್ರರು ಅಡಕೆಯ ಅಂಗಳವನ್ನು ನೆನೆಯಲಿ. ಒಂದು ಕಾಲದಲ್ಲಿ ನಾಯಿಯ ಹೊಟ್ಟೆಯ ಲಾಡಿಹುಳುವನ್ನು ಬೀಳಿಸಲು ಪಶುವೈದ್ಯರು ಅಡಕೆಯ ಸತ್ತ್ವವಾದ ಅರೆಕೋಲಿನ್ನನ್ನೇ ಕೊಡುತ್ತಿದ್ದರು. ಹುಳುವನ್ನು ಬೀಳಿಸುವಷ್ಟು ಬಲವುಳ್ಳದ್ದು ನಾಯಿಯನ್ನೂ ಬೀಳಿಸಬಲ್ಲದಾದ್ದರಿಂದ ನಿರಪಾಯವಾದ ಬೇರೆ ಔಷಧಿಗಳು ಬಂದಂತೆ ಅದನ್ನು ಕೈಬಿಟ್ಟರು. ಮದ್ದಿಗೂ ವಿಷಕ್ಕೂ ನಡುವಿನ ಗೆರೆ ಎಷ್ಟು ತೆಳುವಾದದ್ದು ನೋಡಿರಿ!

ಮರಿನಾಯಿ ಕಡಿಯುವ ವಿದ್ಯುತ್ತಿನ ತಂತಿ, ಏಪ್ರಿಲ್ ಬಿಸಿಲಿನಲ್ಲಿ ನೆರಳೂ ನೀರೂ ಇಲ್ಲದೆ ತಾರಸಿಯ ಮೇಲೆ ಕಟ್ಟಿಹಾಕುವುದು, ಗಾಜು ಏರಿಸಿದ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವುದು, ದೀಪಾವಳಿಯ ಸದ್ದಿಗೆ ಬೆದರಿದ ನಾಯಿಯನ್ನು ಸರಪಳಿಯಲ್ಲೇ ಬಿಡುವುದು, ಇವನ್ನೆಲ್ಲ ವಿವರಿಸಬೇಕಾಗಿಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರಲು ಬರುವುದಿಲ್ಲ, ಏದುಸಿರೇ ಅದರ ಬೀಸಣಿಗೆ ಎಂಬುದಿಷ್ಟನ್ನು ನೆನಪಿಟ್ಟರೆ ಬಿಸಿಲಿನ ವಿಷಯ ತಾನೇ ಹೊಳೆಯುತ್ತದೆ.

ಇಷ್ಟಾಗಿಯೂ ಅನಾಹುತ ನಡೆದರೆ ಏನು ಮಾಡಬೇಕು? ಇಲ್ಲಿಯೂ ನಮ್ಮ ಪ್ರೀತಿ ತಪ್ಪು ದಾರಿ ಹಿಡಿಯುತ್ತದೆ. ವಾಂತಿ ಮಾಡಿಸಲೆಂದು ಉಪ್ಪುನೀರನ್ನು ಬಾಯಿಗೆ ಸುರಿಯುವವರುಂಟು. ಆ ಉಪ್ಪೇ ರಕ್ತಕ್ಕೇರಿ ಮಿದುಳನ್ನು ಕೆಡಿಸುವುದುಂಟು. ಸೀಮೆಯೆಣ್ಣೆಯನ್ನೋ ಪಾಯಿಖಾನೆ ತೊಳೆಯುವ ಆಮ್ಲವನ್ನೋ ಕುಡಿದ ನಾಯಿಗೆ ವಾಂತಿ ಮಾಡಿಸಿದರೆ ಗಂಟಲೂ ಶ್ವಾಸಕೋಶವೂ ಎರಡನೆಯ ಸಲ ಸುಡುತ್ತವೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ಹಾಲೋ ಎಣ್ಣೆಯೋ ಹಾಕಿದರೆ ಅದು ಉಸಿರಿನ ದಾರಿಗೆ ಇಳಿಯುತ್ತದೆ. ಆದುದರಿಂದ ಮನೆಮದ್ದನ್ನು ಬಿಟ್ಟು ವೈದ್ಯರ ಬಳಿಗೆ ಓಡಬೇಕು. ಓಡುವಾಗ ತಿಂದ ಪದಾರ್ಥದ ಹೊದಿಕೆಯನ್ನೋ ಮಾತ್ರೆಯ ಚೀಟಿಯನ್ನೋ ಜೊತೆಗೆ ಒಯ್ಯಬೇಕು. ಯಾವಾಗ ತಿಂದಿತು, ಎಷ್ಟು ತಿಂದಿತು, ಯಾರು ಕೊಟ್ಟರು, ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ನಾಯಿ ತನ್ನ ಪರವಾಗಿ ಮಾತನಾಡಲಾರದು. ಅದರ ಪರವಾಗಿ ಮಾತನಾಡಬೇಕಾದ ನಾವೇ ಸುಳ್ಳು ಹೇಳಿದರೆ ವೈದ್ಯರೇನು ಮಾಡಿಯಾರು? ಈ ಒಂದು ವಾಕ್ಯವನ್ನು ಬರೆಯುವುದಕ್ಕಾಗಿಯೇ ನಾನು ಈ ಲೇಖನವನ್ನೆಲ್ಲ ಬರೆದೆನೆಂದರೂ ಸರಿಯೆ.

ನನ್ನ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹಿರಿಯರು ಹೇಳುತ್ತಾರೆ: "ನಮ್ಮ ಕಾಲದ ನಾಯಿಗಳು ಹುಳಿಯನ್ನವನ್ನೇ ತಿಂದು ಹನ್ನೆರಡು ವರ್ಷ ಬದುಕಲಿಲ್ಲವೆ?" ಬದುಕಿದವು ನಿಜ. ಬದುಕದೆ ಹೋದವುಗಳ ಲೆಕ್ಕ ಇಟ್ಟವರು ಯಾರು? ದ್ರಾಕ್ಷಿಯ ವಿಷಯ ವೈದ್ಯರಿಗೇ ೨೦೦೧ರವರೆಗೆ ತಿಳಿದಿರಲಿಲ್ಲ. ಹೀಗಿರುವಲ್ಲಿ ಅದಕ್ಕೂ ಮೊದಲು ಅದರಿಂದ ಸತ್ತ ನಾಯಿ "ಏನೋ ಕಾಯಿಲೆ"ಯಿಂದ ಸತ್ತಿತೆಂದೇ ಅಲ್ಲವೆ ಹೇಳಿರುವುದು? ಇನ್ನೊಂದು ಸಂಗತಿ: ಅಂದಿನ ನಾಯಿ ಅಂಗಳದಲ್ಲಿತ್ತು, ಇಂದಿನದು ಸೋಫಾದ ಮೇಲಿದೆ, ಅಂದಿನ ಮನೆಯಲ್ಲಿ ಇಷ್ಟು ಮಾತ್ರೆಗಳೂ ಮಿಠಾಯಿಗಳೂ ಇರಲಿಲ್ಲ, ೨೦ ಕಿಲೋ ನಾಯಿ ತಡೆದುಕೊಳ್ಳುವ ವಿಷವನ್ನು ೩ ಕಿಲೋ ಪಮೇರಿಯನ್ ತಡೆದುಕೊಳ್ಳಲಾರದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಮನುಷ್ಯರಿಗೇ ಔಷಧಿ ಸಿಗದ ಊರುಗಳಿರುವಾಗ ನಾಯಿಯ ಆರೋಗ್ಯದ ಮಾತೇಕೆ ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಈ ಪ್ರಶ್ನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ನಾನು ಹೇಳುವ ಎಚ್ಚರಿಕೆಗಳಿಗೆ ಕಾಸು ಖರ್ಚಿಲ್ಲ. ಮಾತ್ರೆಯ ಡಬ್ಬಿಯನ್ನು ಒಂದು ಗೂಡು ಮೇಲಕ್ಕೆ ಇಡುವುದು, ಪಾಷಾಣವನ್ನು ಬೀಗದೊಳಗೆ ಇಡುವುದು, ಅನ್ನಕ್ಕೆ ಹುಳಿ ಹಾಕುವ ಮೊದಲು ನಾಯಿಯ ಪಾಲು ತೆಗೆಯುವುದು. ಇಷ್ಟಕ್ಕೆ ಶ್ರೀಮಂತಿಕೆ ಬೇಕಿಲ್ಲ. ಮೇಲಾಗಿ, ನಾಯಿಯ ಬಾಯಿಗೆ ಎಟುಕದಂತೆ ಇಟ್ಟದ್ದು ಅಂಬೆಗಾಲಿಡುವ ಮಗುವಿನ ಕೈಗೂ ಎಟುಕುವುದಿಲ್ಲ. ನೆಲದ ಮಟ್ಟದಲ್ಲಿ ಓಡಾಡುವ ಎರಡು ಜೀವಗಳಿಗೆ ಒಂದೇ ಎಚ್ಚರಿಕೆಯಿಂದ ರಕ್ಷಣೆ ದೊರೆಯುತ್ತದೆ.

ನಮ್ಮ ಕಾಲೇಜಿನಲ್ಲಿಯೂ ಇದಕ್ಕೆ ಅವಕಾಶವುಂಟು. ಹಾಸ್ಟೆಲಿನ ಹಿಂದೆ ಮಲಗುವ ನಾಯಿಯನ್ನು ಎಲ್ಲರೂ ಬಲ್ಲರು. ಪರೀಕ್ಷೆಯ ಕಾಲದಲ್ಲಿ ನಮ್ಮೊಡನೆ ರಾತ್ರಿಯೆಲ್ಲ ಎಚ್ಚರವಾಗಿರುವ ಏಕೈಕ ಜೀವ ಅದು. ಆ ಪ್ರೀತಿಗೆ ನಾವು ಚಾಕೊಲೇಟು ಬಿಸ್ಕತ್ತನ್ನೂ ಈರುಳ್ಳಿ ಪಲ್ಯವನ್ನೂ ಪ್ರತಿಯಾಗಿ ಕೊಡುತ್ತಿದ್ದೇವೆ. ಸಪ್ಪೆಯ ಅನ್ನವೂ ನೀರಿನ ಬಟ್ಟಲೂ ಸಾಕು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕದವರು ವರ್ಷಕ್ಕೊಮ್ಮೆ ಪಶುವೈದ್ಯರೊಬ್ಬರನ್ನು ಕರೆಸಿ ಒಂದು ಗಂಟೆಯ ಉಪನ್ಯಾಸ ಏರ್ಪಡಿಸಿದರೆ, ನಾನು ಅರೆಬರೆಯಾಗಿ ಹೇಳಿದ್ದನ್ನು ಅವರು ಪೂರ್ಣವಾಗಿ ಹೇಳಿಯಾರು. ಅಧ್ಯಾಪಕರು ಇದನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ನಮ್ಮ ಮನೆಯಲ್ಲಿ ಈಗ ಇನ್ನೊಂದು ಮರಿ ಇದೆ. ಇದನ್ನೂ ತಂಗಿಯೇ ತಂದದ್ದು. ಅಜ್ಜನ ಮಾತ್ರೆಯ ಡಬ್ಬಿ ಈಗ ದೇವರ ಗೂಡಿನ ಪಕ್ಕದಲ್ಲಿದೆ. ಅದನ್ನು ತೆಗೆದುಕೊಡುವ ಕೆಲಸ ನನ್ನದು. ಪಶುವೈದ್ಯರ ದೂರವಾಣಿಯ ಸಂಖ್ಯೆಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಗೇಟಿನ ಒಳಮೈಗೆ, ಮರಿಯ ಕಣ್ಣಿನ ಎತ್ತರಕ್ಕೆ, ತಂಗಿ ಒಂದು ರಟ್ಟಿನ ಚೂರನ್ನು ಕಟ್ಟಿದ್ದಾಳೆ. ಮರಿಗೆ ಓದಲು ಬರುವುದಿಲ್ಲ. ಓದಬೇಕಾದವರು ನಾವು.